ಪಟ್ಟಿಯಣ್ಣನ ತೋಳು

ಆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸೂಜಿ ಹಿಡಿದ ದೊಡ್ಡ ಸಿಸ್ಟರ್ ಹೆಗಲಿಗೆ ಸಿಬ್ಬಂದಿಗೆಲ್ಲ ಲಸಿಕೆ ಹಾಕಿಸುವ ಹೊಣೆ ಬಿತ್ತು. ನಮ್ಮವರು ತಾವಾಗಿಯೇ ಸಾಲು ನಿಲ್ಲುತ್ತಾರೆಂದು ಆಕೆ ನಂಬಿದ್ದಳು. ವಾರದೊಳಗೆ ನಂಬಿಕೆ ನೆಲಕಚ್ಚಿತು. ಯಾರು ತೋಳು ಕೊಡುತ್ತಾರೆ, ಯಾರು ಕೊಡುವುದಿಲ್ಲ ಎಂದು ಹೇಳಲು ಅವರ ಓಟು ಯಾರಿಗೆಂದು ತಿಳಿದಿದ್ದರೆ ಸಾಕಿತ್ತು. ಸರ್ಕಾರದ ಕಡೆಯವರು ಬಂದರು. ವಿರೋಧ ಪಕ್ಷದವರು ಅತ್ತ ಸುಳಿಯಲೂ ಇಲ್ಲ.

ಹಾಗೆ ಬಾರದವರಲ್ಲಿ ಪಟ್ಟಿಯಣ್ಣನೂ ಒಬ್ಬ. ಗಾಯಕ್ಕೆ ಪಟ್ಟಿ ಕಟ್ಟುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಅವನೂ ದೊಡ್ಡ ಸಿಸ್ಟರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಆಕೆಯನ್ನು ಅವನು ಅಕ್ಕ ಅನ್ನುತ್ತಿದ್ದ. ಮಕ್ಕಳಿಗೆ ಚುಚ್ಚುವ ದಿನ ಅವುಗಳ ಕಾಲು ಹಿಡಿದು, ಬೆಕ್ಕಿನ ಹಾಗೆ ಕೂಗಿ ನಗಿಸುತ್ತಿದ್ದವನೇ ಅವನು.

“ಬಾರೋ, ಇರುವೆ ಕಚ್ಚಿದ ಹಾಗಿರುತ್ತೆ ಅಷ್ಟೇ.”

“ಆ ಸರ್ಕಾರದ ಔಷಧಿ ನನ್ನ ಮೈಗೆ ಬೇಡ ಅಕ್ಕ. ನಮ್ಮ ನಾಯಕರು ಹೇಳಲಿ, ಎರಡೂ ತೋಳು ಕೊಡ್ತೀನಿ.”

“ಅಷ್ಟು ಮಕ್ಕಳ ಕಾಲು ಹಿಡಿದ್ಯಲ್ಲ, ಆಗೆಲ್ಲ ಯಾವ ಸರ್ಕಾರ ಇತ್ತು?”

ಅವನು ತಲೆ ಕೆರೆದುಕೊಂಡ. “ನೆನಪಿಲ್ಲ. ಆಗ ಯಾರೂ ಕೇಳ್ತಿರ್ಲಿಲ್ಲ.”

ಆಕೆ ಪುಸಲಾಯಿಸಿದಳು, ಬೈದಳು, ನಾಲ್ಕು ದಿನ ಮಾತು ಬಿಟ್ಟಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಎರಡು ತಿಂಗಳಾದ ಮೇಲೆ, ಲಸಿಕೆ ಯಾವ ರೋಗಕ್ಕೋ ಅದೇ ರೋಗ ತಗಲಿ, ಅವನು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಏದುಸಿರು ಬಿಡುತ್ತ ಮಲಗಿದ. ಆಕ್ಸಿಜನ್ ಮಾಸ್ಕ್ ಸರಿಸಿ, “ಬೈಬೇಡ ಅಕ್ಕ,” ಅಂದ. ಬೈಯಲು ಆಕೆಯಲ್ಲಿ ಏನೂ ಉಳಿದಿರಲಿಲ್ಲ. ಬೆನ್ನು ನೀವಿ, ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿದಳು. ಒಂಬತ್ತನೇ ದಿನ ತೀರಿಕೊಂಡ.

ಅವನ ಹೆಂಡತಿಗೆ ಆಸ್ಪತ್ರೆಯ ಅಡುಗೆಮನೆಯಲ್ಲೇ ಕೆಲಸ. ರಜೆ ಮುಗಿಸಿ ಆಕೆ ಬಂದ ದಿನವೇ ದೊಡ್ಡ ಸಿಸ್ಟರ್ ಅಲ್ಲಿಗೆ ಹೋದಳು.

“ನೀನಾದ್ರೂ ಹಾಕಿಸ್ಕೊಳ್ಳೇ ತಾಯಿ.”

ಹೆಂಡತಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಬೇಡ ಸಿಸ್ಟರ್. ಈಗ ನಾನು ಹಾಕಿಸ್ಕೊಂಡ್ರೆ, ಅವ್ರು ಹಟಕ್ಕೆ ಬಿದ್ದು ಸತ್ರು ಅಂತ ನಾನೇ ಒಪ್ಪಿದ ಹಾಗಾಗುತ್ತೆ. ಜನ ಆಡ್ಕೊಳ್ತಿರೋದೇ ಸಾಕು.”

“ಅವನ ಮಾನ ಉಳಿಸೋಕೆ ನಿನ್ನ ಜೀವ ಕೊಡ್ತೀಯಾ?”

“ನಂಗೆ ಅಂತ ಉಳಿದಿರೋದು ಅವ್ರ ಮಾನ ಒಂದೇ.”

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ದೊಡ್ಡ ಸಿಸ್ಟರ್ ಹೊರಗೆ ಬಂದಳು.

ಮರುವಾರ ಲಸಿಕೆಯ ಕೆಲಸವನ್ನು ಕಿರಿಯ ನರ್ಸ್ ಒಬ್ಬಳಿಗೆ ಒಪ್ಪಿಸಿದಳು.

“ಬಂದವರಿಗೆ ಹಾಕು,” ಅಂದಳು. “ಬರದವರ ಹತ್ರ ಮಾತು ಬೆಳೆಸ್ಬೇಡ. ಬೇಡ ಅಂದ್ರು ಅಂತ ಬರ್ಕೋ, ಅಷ್ಟೇ.”