ಫಿಲ್ಮಿನ ಮೂಲೆಯ ಗುರುತು

ಇವತ್ತು ಬೆಳಿಗ್ಗೆ ಕೊರಿಯರ್‌ನಲ್ಲಿ ಒಂದು ಸಿಹಿತಿಂಡಿ ಪೆಟ್ಟಿಗೆ ಬಂತು. ಖಾಲಿ ಪೆಟ್ಟಿಗೆ, ನಾನೇ ವಿನ್ಯಾಸ ಮಾಡಿದ್ದು, ಅಚ್ಚಾದ ಮೇಲೆ ನೋಡಲೆಂದು ಕಳಿಸಿದ್ದರು. ಮೇಲಿನ ಪ್ಲಾಸ್ಟಿಕ್ ಹರಿದ ಕೂಡಲೇ ಮೂಗಿಗೆ ಬಡಿದದ್ದು ಹೊಸ ವಾರ್ನಿಷ್‌ನ, ಗಂಟಲು ಕೆರೆಯುವ ಆ ವಾಸನೆ. ಚೆನ್ನೈನ ಮಾಧವರಂನ ಈ ಎರಡು ಕೋಣೆಯ ಮನೆಯಲ್ಲಿ ನಾನೊಬ್ಬನೇ. ಕಿಟಕಿ ತೆರೆದೆ, ಫ್ಯಾನ್ ಹಾಕಿದೆ. ವಾಸನೆ ಹೋಯಿತು. ಅದರ ಹಿಂದೆಯೇ ಬಂದ ಸುಟ್ಟ ಕಾಗದದ ವಾಸನೆ ಮಾತ್ರ ಹೋಗಲಿಲ್ಲ... ಅದು ಈ ಪೆಟ್ಟಿಗೆಯದಲ್ಲ.

ಕಾಲೇಜು ಮುಗಿಸಿ ನಾನು ಸೇರಿದ್ದು ಅಂಬತ್ತೂರಿನ ಒಂದು ಪ್ರೆಸ್ಸಿಗೆ. ಅಲ್ಲಿ ಪೆಟ್ಟಿಗೆಗಳನ್ನು ಅಚ್ಚು ಮಾಡುತ್ತಿದ್ದರು. ಅಚ್ಚಿಗೆ ಮೊದಲು ವಿನ್ಯಾಸ ಮೂಡಿಸುವ ಪಾರದರ್ಶಕ ಹಾಳೆ, ಅಂದರೆ ಫಿಲ್ಮ್, ಪರೀಕ್ಷಿಸುವ ಮೇಜಿನ ಹಿಂದೆ ಐವತ್ತು ದಾಟಿದ ಒಬ್ಬರು ಕೂತಿರುತ್ತಿದ್ದರು. ಎಲ್ಲರಿಗೂ ಅವರು ಅಣ್ಣ. ಕುಂದಾಪುರದ ಕಡೆಯವರು. ಅವರ ಬಂಧುಗಳೆಲ್ಲ ಹೋಟೆಲಿನವರು, ಇವರೊಬ್ಬರು ಹೇಗೋ ಶಾಯಿಗೆ ಬಿದ್ದಿದ್ದರು. ಆ ಪ್ರೆಸ್ಸಿನಲ್ಲಿ ಕನ್ನಡ ಆಡುತ್ತಿದ್ದವರು ನಾವಿಬ್ಬರೇ. ನನ್ನದು ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಕಲಿತ, ಅರ್ಧ ತಮಿಳು ಬೆರೆತ ಕನ್ನಡ.

"ನಿಂದು ಎಂತ ಭಾಷೆ ಮಾರಾಯ, ಸಾಂಬಾರಿಗೆ ರಸಂ ಹೊಯ್ದ ಹಾಗೆ" ಎಂದು ನಗುತ್ತಿದ್ದರು.

ಪೆಟ್ಟಿಗೆಯ ಮೇಲೆ ಹೊಳಪು ಬೇಕಾದ ಕಡೆ ಮಾತ್ರ ವಾರ್ನಿಷ್ ಬೀಳಬೇಕಾದರೆ ಕಂಪ್ಯೂಟರಿನಲ್ಲಿ ಅದಕ್ಕೆ ಬೇರೆಯೇ ಒಂದು ಪದರ ಮಾಡಬೇಕು. ವಾರ್ನಿಷ್‌ಗೆ ಬಣ್ಣವಿಲ್ಲ, ಬಣ್ಣವಿಲ್ಲದ್ದು ಪರದೆಯ ಮೇಲೆ ಕಾಣುವುದಿಲ್ಲ. ಆದ್ದರಿಂದ ಅದಕ್ಕೊಂದು ಸುಳ್ಳು ಬಣ್ಣ ಕೊಡುತ್ತೇವೆ. ನಾನು ಗುಲಾಬಿ ಕೊಡುತ್ತಿದ್ದೆ. ಆ ಗುಲಾಬಿ ಕೆಳಗಿನ ಅಕ್ಷರಗಳನ್ನು ತಿಂದುಹಾಕದಂತೆ ಓವರ್‌ಪ್ರಿಂಟ್ ಎಂಬ ಆಯ್ಕೆ ಒತ್ತಬೇಕು. ಅಂಟು ಹಚ್ಚುವ ಮಡಿಕೆ, ತಾರೀಖು ಒತ್ತುವ ಜಾಗ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರದ ಉಗುರುಗಳು ಹಾಳೆಯನ್ನು ಕಚ್ಚಿ ಎಳೆಯುವ ಅಂಚು ಪೂರಾ ಬರಿದಾಗಿರಬೇಕು. ಶಾಯಿ ಅಂಚು ದಾಟಿದರೆ ಕತ್ತರಿಸಿ ಬಿಸಾಡಬಹುದು. ವಾರ್ನಿಷ್ ಆ ಅಂಚಿಗೆ ಬಿದ್ದರೆ ಉಗುರುಗಳಿಗೇ ಹಾಳೆ ಅಂಟಿಕೊಳ್ಳುತ್ತದೆ.

ಇದನ್ನೆಲ್ಲ ಕಲಿಸಿದವರು ಅವರು. ನನ್ನ ಪದರ ಫಿಲ್ಮ್ ಆಗಿ ಬಂದ ಮೇಲೆ ಅದನ್ನು ಅಚ್ಚಾದ ಹಾಳೆಯ ಮೇಲಿಟ್ಟು, ದೀಪದ ಮೇಜಿನ ಮೇಲೆ ಬಗ್ಗಿ ನೋಡುತ್ತಿದ್ದರು. ಸರಿಯಿದ್ದರೆ ಕೆಳಗಿನ ಮೂಲೆಯಲ್ಲಿ ಮೇಣದ ಪೆನ್ಸಿಲಿನಿಂದ ಬಲಕ್ಕೆ ವಾಲಿದ ಒಂದು ಪುಟ್ಟ ಗುರುತು. ಆ ಗುರುತಿಲ್ಲದ ಫಿಲ್ಮನ್ನು ಯಂತ್ರದವನು ಮುಟ್ಟುತ್ತಿರಲಿಲ್ಲ. ವಾರ್ನಿಷ್ ಆದ ಹಾಳೆಯನ್ನು ಅವರು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳಿನಿಂದ ಹೊಳಪಿನ ಅಂಚನ್ನು ಸವರುತ್ತಿದ್ದರು. ಕೂದಲೆಳೆಯಷ್ಟು ಸರಿದಿದ್ದರೂ ಹೇಳುತ್ತಿದ್ದರು. ನನಗೆ ತಿಳಿಯುತ್ತಿರಲಿಲ್ಲ.

"ಕಾಲೇಜು ಓದಿದವರಿಗೆ ಹೆಬ್ಬೆರಳು ಇರುದು ಮೊಬೈಲ್ ಉಜ್ಜಲಿಕ್ಕೆ ಮಾತ್ರ."

ಆ ದಿನ ಮಧ್ಯಾಹ್ನ ಅವರು ಗೇಟಿನ ಹತ್ತಿರ ಕಾಗದದ ಲಾರಿ ಇಳಿಸಿಕೊಳ್ಳುತ್ತಿದ್ದರು. ತಾವರೆ ಬಳ್ಳಿ ಹರಡಿದ ಒಂದು ಪೆಟ್ಟಿಗೆ ಸಂಜೆಯೊಳಗೆ ಹೋಗಬೇಕಿತ್ತು. ಯಂತ್ರ ಕಾಯುತ್ತಿತ್ತು. ಫಿಲ್ಮನ್ನು ನಾನೇ ಒಯ್ದೆ. ಯಂತ್ರದವನು ಮೂಲೆ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ಅಣ್ಣ ಪಾತ್ತುಟ್ಟಾರು" ಎಂದೆ. ಅಣ್ಣ ನೋಡಿಯಾಯಿತು.

ಅವರು ನೋಡಿರಲಿಲ್ಲ. ಬಳ್ಳಿಯ ಒಂದು ಕುಡಿಯನ್ನು ನಾನು ಬಣ್ಣಕ್ಕೆ ಮಾಡುವ ಅಭ್ಯಾಸದಲ್ಲೇ ವಾರ್ನಿಷ್ ಪದರದಲ್ಲೂ ಅಂಚಿನಾಚೆಗೆ ಹರಿಸಿದ್ದೆ. ಅದು ನೇರ ಹೋಗಿ ಯಂತ್ರ ಕಚ್ಚುವ ಅಂಚಿಗೆ ಬಿದ್ದಿತ್ತು.

ಮೊದಲ ಹಾಳೆಗಳು ಸರಿಯಾಗಿಯೇ ಹೋದವು. ಉಗುರುಗಳು ನಿಧಾನವಾಗಿ ಅಂಟಾಗತೊಡಗಿದ್ದವು. ಆಮೇಲೆ ಒಂದು ಹಾಳೆ ಬಿಡಿಸಿಕೊಳ್ಳಲಾರದೆ ಮಡಚಿಕೊಂಡಿತು, ಸೊಟ್ಟಗೆ ಸರಿದು ವಾರ್ನಿಷ್ ಒಣಗಿಸುವ ದೀಪದ ಕೆಳಗೆ ಸಿಕ್ಕಿಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮೊದಲು ಕಂದು ಬಣ್ಣ, ಆಮೇಲೆ ಹೊಗೆ, ಆಮೇಲೆ ಬೆಂಕಿ. ಎರಡು ಹೆಜ್ಜೆ ದೂರದಲ್ಲಿ ವಾರ್ನಿಷ್ ಡಬ್ಬಗಳ ಸಾಲು. ಯಂತ್ರದವನು "ಆಫ್ ಪಣ್ಣು, ಆಫ್ ಪಣ್ಣು" ಎನ್ನುತ್ತಿದ್ದ. ಕೆಂಪು ಗುಂಡಿ ನನ್ನ ಕೈಗೆ ಎಟಕುವಷ್ಟು ಹತ್ತಿರವಿತ್ತು. ನನ್ನ ಕೈ ಏಳಲಿಲ್ಲ. ಇವತ್ತಿಗೂ ಎಷ್ಟೋ ಸಲ ಆ ಗುಂಡಿ ಒತ್ತುತ್ತೇನೆ... ಆಗ ಮಾತ್ರ ಒತ್ತಲಿಲ್ಲ.

ಅವರು ಗೇಟಿನಿಂದ ಓಡಿಬಂದರು. ನನ್ನನ್ನು ಬದಿಗೆ ತಳ್ಳಿ ಗುಂಡಿ ಒತ್ತಿದರು. ಉರಿಯುವ ಹಾಳೆಗಳು ಡಬ್ಬಗಳತ್ತ ಜಾರುತ್ತಿದ್ದವು. ಬರಿಗೈಯಿಂದ ಬಾಚಿ ನೆಲಕ್ಕೆಳೆದರು. ಕರಗಿದ ವಾರ್ನಿಷ್ ಬಲಗೈಗೆ ಹತ್ತಿಕೊಂಡಿತು.

ಒಂದೂವರೆ ತಿಂಗಳು ಅವರು ಬರಲಿಲ್ಲ. ಅವರು ಬಂದ ಮೇಲೆ ವಿಚಾರಿಸೋಣ ಎಂದು ಮಾಲೀಕರು ಸುಮ್ಮನಿದ್ದರು. ಆ ಫಿಲ್ಮ್ ದೀಪದ ಮೇಜಿನ ಪಕ್ಕದಲ್ಲೇ ನೇತಾಡುತ್ತಿತ್ತು. ದಿನವೂ ಅದರ ಖಾಲಿ ಮೂಲೆ ನೋಡುತ್ತಿದ್ದೆ. ದಿನವೂ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ.

ಅವರು ಬಂದ ಬೆಳಿಗ್ಗೆ ನಾನು ತಲುಪುವ ಹೊತ್ತಿಗೆ ಮಾಲೀಕರು ಮೇಜಿನ ಹತ್ತಿರ ನಿಂತಿದ್ದರು. ಇದನ್ನು ಪಾಸ್ ಮಾಡಿದ್ದು ಯಾರು ಎಂದು ಕೇಳಿದರು.

"ನಾನ್ ದಾನ್" ಎಂದರು ಅಣ್ಣ. ನಾನೇ.

ಮಾಲೀಕರು ಫಿಲ್ಮನ್ನು ದೀಪಕ್ಕೆ ಹಿಡಿದರು. ಹಿಂದಿನ ದಿನದವರೆಗೂ ಖಾಲಿಯಿದ್ದ ಮೂಲೆಯಲ್ಲಿ ಗುರುತಿತ್ತು. ನಡುಗಿದ, ಎಡಕ್ಕೆ ವಾಲಿದ ಗುರುತು. ಎಡಗೈಯಲ್ಲಿ ಎಳೆದದ್ದು ಎಂದು ಗೊತ್ತಾಗುವುದು ನನಗೆ ಮತ್ತು ಯಂತ್ರದವನಿಗೆ ಮಾತ್ರ. ಅವನು ನೆಲ ನೋಡುತ್ತಿದ್ದ. ನಾನೂ ನೆಲವನ್ನೇ ನೋಡಿದೆ.

ಅದೇ ದಿನ ಅವರು ಕೆಲಸ ಬಿಟ್ಟು ಹೊರಟಾಗ ಬಸ್ ಸ್ಟಾಪಿನವರೆಗೆ ಹಿಂದೆಯೇ ಹೋದೆ.

"ಅಣ್ಣಾ, ನಾನು ಈಗಲೇ ಹೋಗಿ ಹೇಳ್ತೀನಿ."

"ಹೇಳಿ ಎಂತ ಮಾಡ್ತಿ? ನಿಂದೂ ಹೋಗ್ತದೆ, ಆ ಪಾಪದವಂದೂ ಹೋಗ್ತದೆ. ನಂದು ಹೇಗೂ ಹೋಯ್ತಲ್ಲ."

ನನ್ನ ಚೀಲದಿಂದ ಇಣುಕುತ್ತಿದ್ದ ಒಂದು ಮಾದರಿ ಪೆಟ್ಟಿಗೆಯನ್ನು ಎಳೆದುಕೊಂಡರು. ಕಣ್ಣು ಮುಚ್ಚಿ ಹೆಬ್ಬೆರಳು ಸವರಿದರು. ಹೊಸ ಚರ್ಮ ಬಂದ ಆ ಬೆರಳು ವಾರ್ನಿಷ್ ಹೊಡೆದ ಹಾಗೆ ಹೊಳೆಯುತ್ತಿತ್ತು.

"ಎಂತದೂ ಗೊತ್ತಾಗುದಿಲ್ಲ ಮಾರಾಯ" ಎಂದು ಪೆಟ್ಟಿಗೆ ವಾಪಸು ಕೊಟ್ಟರು. ಬಸ್ ಬಂತು.

ಎಗ್ಮೋರ್‌ನಲ್ಲಿ ಬಂಧುಗಳ ಹೋಟೆಲಿನಲ್ಲಿ, ಬಂದವರಿಗೆ ಜಾಗ ತೋರಿಸುವ ಕೆಲಸಕ್ಕಿದ್ದಾರೆ ಎಂದು ಆಮೇಲೆ ತಿಳಿಯಿತು. ಎರಡು ಸಲ ಹೋಗಿ ಎದುರಿನ ಫುಟ್‌ಪಾತ್‌ನಿಂದಲೇ ನೋಡಿ ಬಂದೆ. ಬಲಗೈ ಜೇಬಿನಲ್ಲಿ, ಎಡಗೈಯಿಂದ ಕುರ್ಚಿ ತೋರಿಸುತ್ತಿದ್ದರು. ಆ ಪ್ರೆಸ್ ಬಿಟ್ಟ ಮೇಲೆ, ಮೂರನೆಯ ಸಲ, ಒಳಗೇ ಹೋದೆ. ಅವರಿರಲಿಲ್ಲ.

"ಅವರು ತೀರಿಹೋಗಿ ಎರಡು ತಿಂಗಳಾಯ್ತಲ್ಲ. ನಿಮಗೆ ಗೊತ್ತಿಲ್ವಾ? ನೀವು ಯಾರಾಗಬೇಕು?" ಎಂದು ಕೇಳಿದರು ಗಲ್ಲಾದಲ್ಲಿದ್ದವರು.

ಒಟ್ಟಿಗೆ ಕೆಲಸ ಮಾಡುತ್ತಿದ್ದೆ ಎಂದೆ. ಅಷ್ಟೇ ಹೇಳಿದೆ.

ಈಗ ಮನೆಯಿಂದಲೇ ಫೈಲ್ ಕಳಿಸುತ್ತೇನೆ. ನಡುವೆ ಯಾರೂ ಇಲ್ಲ. ಆದರೂ ಪ್ರತಿ ಸಲ ವಾರ್ನಿಷ್ ಪದರವನ್ನು ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ತೆಗೆದು, ಕಿಟಕಿಯ ಗಾಜಿಗೆ ಅಂಟಿಸಿ, ಅಂಚನ್ನು ಸ್ಕೇಲಿಟ್ಟು ಮೂರು ಸಲ ಅಳೆಯುತ್ತೇನೆ.

ಇವತ್ತು ಪೆಟ್ಟಿಗೆ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದೆ. ಹೆಬ್ಬೆರಳು ಸವರಿದೆ. ಹೊಳಪಿನ ಅಂಚು ಬೆರಳಿಗೆ ಸ್ಪಷ್ಟವಾಗಿ ಸಿಕ್ಕಿತು, ಒಂದು ಬದಿ ಕೂದಲೆಳೆಯಷ್ಟು ಸರಿದಿದೆ. ಈಗ ನನಗೆ ತಿಳಿಯುತ್ತದೆ. ಹೇಳಲು ಅವರಿಲ್ಲ.

ಕಿಟಕಿಗೆ ಅಂಟಿಸಿದ ಹಾಳೆ ಇನ್ನೂ ಅಲ್ಲೇ ಇದೆ. ಅದರ ಕೆಳಗಿನ ಮೂಲೆಯನ್ನು ನಾನು ಯಾವಾಗಲೂ ಖಾಲಿ ಬಿಡುತ್ತೇನೆ.