ನ್ಯೂಜಿಲ್ಯಾಂಡಿನಲ್ಲಿ ಒಂದು ಗುರ್ತದ ಮನೆ

ಮಳೆ ಮುಗಿದು ಕಡಲು ತಣ್ಣಗಾದ ಮೇಲೆ ಮಂಗಳೂರಿನ ಪಣಂಬೂರು ಬಂದರಿಗೆ ವಿದೇಶಿ ಪ್ರವಾಸಿಗರ ಹಡಗುಗಳು ಬರತೊಡಗುತ್ತವೆ. ಬೆಳಿಗ್ಗೆ ಬಂದು ಸಂಜೆ ಹೊರಟುಹೋಗುವ ಹಡಗುಗಳು. ಅವು ಬರುವ ದಿನ ಗೇಟಿನ ಹೊರಗೆ ಸಾಲಾಗಿ ನಿಲ್ಲುವ ಟ್ಯಾಕ್ಸಿಗಳಲ್ಲಿ ಕಾವೂರಿನ ಝುಬೈರನದ್ದೂ ಒಂದು. ಇಳಿದು ಬಂದವರಿಗೆ ಅವನು ಗೇರುಬೀಜದ ಕಾರ್ಖಾನೆ, ಮಾರ್ಕೆಟ್ಟು, ಒಂದು ದೇವಸ್ಥಾನ, ಒಂದು ಚರ್ಚು ತೋರಿಸುತ್ತಾನೆ. ಬಿಸಿಲು ಇಳಿಯುವ ಮೊದಲು ತಿರುಗಿ ಗೇಟಿಗೆ ತಂದು ಬಿಡುತ್ತಾನೆ. ಉಳಿದ ದಿನಗಳಲ್ಲಿ ವಿಮಾನ ನಿಲ್ದಾಣದ ಬಾಡಿಗೆ. ಐವತ್ತು ದಾಟಿದ ಈ ಮನುಷ್ಯ ಒಮ್ಮೆಯೂ ವಿಮಾನ ಹತ್ತಿಲ್ಲ.

ಆದರೆ ಲೋಕದ ದೇಶಗಳ ಬಗ್ಗೆ ಅವನಿಗೆ ಅವನದೇ ಒಂದು ಅಂದಾಜಿತ್ತು. ಕಾರಿನಿಂದ ಇಳಿದವರು ಬಾಗಿಲನ್ನು ಹೇಗೆ ಹಾಕುತ್ತಾರೆ ಎಂದು ನೋಡುತ್ತಿದ್ದ.

"ದಡಾರನೆ ಹಾಕುವವರ ಊರಿಗೆ ಹೆಣ್ಣುಮಗುವನ್ನು ಓದಲಿಕ್ಕೆ ಕಳಿಸಬಾರದು" ಎಂದು ಒಮ್ಮೆ ಪಕ್ಕದ ಟ್ಯಾಕ್ಸಿಯ ಮುಖೇಶನಿಗೆ ಹೇಳಿದ.

"ಹಾಗಾದರೆ ನನ್ನ ಮನೆಗೂ ಯಾರನ್ನೂ ಕಳಿಸಬೇಡಿ ಝುಬೈರಾಕ. ನನ್ನ ಹೆಂಡತಿ ಫ್ರಿಜ್ಜಿನ ಬಾಗಿಲನ್ನೂ ಹಾಗೆಯೇ ಹಾಕುವುದು" ಎಂದ ಮುಖೇಶ್.

ಝುಬೈರನದು ತಮಾಷೆಗೆ ಹುಟ್ಟಿದ ಮಾತಲ್ಲ. ಝುಬೈರನ ಒಬ್ಬಳೇ ಮಗಳು ಮರ್ವಾ ಫಿಸಿಯೋಥೆರಪಿ ಮುಗಿಸಿದ್ದಳು. ಹೊರದೇಶದಲ್ಲಿ ಮುಂದೆ ಓದಬೇಕೆಂಬ ಆಸೆಯನ್ನು ಒಂದು ದಿನ ಅಪ್ಪನ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಯ ಕಡೆ ನೋಡುತ್ತಾ ಹೇಳಿದ್ದಳು. ಝುಬೈರ ಕನ್ನಡಿಯಲ್ಲಿ ಅವಳನ್ನು ನೋಡಿ, "ಯಾವ ದೇಶ ಅಂತ ನಾನು ಹುಡುಕುತ್ತೇನೆ" ಎಂದಿದ್ದ. ನೋಡಲಿಕ್ಕೆ ಚಂದ ಇರಬೇಕು. ಹೊರಗಿನವರನ್ನು ಕಂಡರೆ ಜನ ನಗಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ಖರ್ಚು ನೋಡಿಕೊಳ್ಳಬೇಕಾದವನು ಸೌದಿಯ ದಮ್ಮಾಮಿನಲ್ಲಿದ್ದ ಅವನ ಅಣ್ಣ ಅನ್ಸಾರ್. ಒಪ್ಪಬೇಕಾದವಳು ಅವರಿಬ್ಬರ ತಾಯಿ ಅಲೀಮಮ್ಮ. ಅಲೀಮಮ್ಮನಿಗೆ ಓದು ಬೇಡವೆಂದೇನೂ ಇರಲಿಲ್ಲ.

"ಗಲ್ಫಿಗಾದರೆ ಯಾವ ಬಾಗಿಲು ತಟ್ಟಿದರೂ ನಮ್ಮವರು ಸಿಗ್ತಾರೆ. ಇವಳ ಫ್ರೆಂಡು ಫಿಯೋನಾ ಐರ್ಲೆಂಡಿಗೆ ಹೋದಳು, ಅವಳಿಗೆ ಅಲ್ಲಿ ಚಿಕ್ಕಮ್ಮ ಇದ್ದಾಳೆ. ನಮಗೆ ಯಾರಿದ್ದಾರೆ? ಜ್ವರ ಬಂದರೆ ಗಂಜಿ ಕೊಡುವವರು ಯಾರು?"

ಫೋನಿನಲ್ಲಿ ಅನ್ಸಾರನೂ ಅದನ್ನೇ ಹೇಳಿದ. "ಒಂದು ಗುರ್ತದ ಮನೆ ತೋರಿಸು ಝುಬೈರ್. ಉಳಿದದ್ದು ನಾನು ನೋಡ್ತೇನೆ."

ಝುಬೈರ ತಡಮಾಡಲಿಲ್ಲ. "ನ್ಯೂಜಿಲ್ಯಾಂಡಿನಲ್ಲಿ ಉಂಟು" ಎಂದ.

ಹಿಂದಿನ ವರ್ಷ ಹಡಗಿನಿಂದ ಇಳಿದು ಅವನ ಕಾರು ಹತ್ತಿದ್ದ ಮುದಿ ದಂಪತಿ, ಗ್ರೇಹಮ್ ಮತ್ತು ಜೀನ್. ಮಾರ್ಕೆಟ್ಟಿನ ಸೆಕೆಯಲ್ಲಿ ಜೀನ್‌ಗೆ ತಲೆ ತಿರುಗಿತು. ಆಸ್ಪತ್ರೆ ಬೇಡ, ಸ್ವಲ್ಪ ಮಲಗಿದರೆ ಸಾಕು ಎಂದಳು. ಝುಬೈರ ನೇರವಾಗಿ ಮನೆಗೆ ಕರೆತಂದ. ಅವನ ಹೆಂಡತಿ ರಿಝ್ವಾನಾ ಮಂಚಕ್ಕೆ ಒಗೆದ ಚಾದರ ಹಾಸಿದಳು. ಅಲೀಮಮ್ಮ ಬೊಂಡದ ಎಳನೀರಿಗೆ ಚಿಟಿಕೆ ಉಪ್ಪು ಹಾಕಿ ಕುಡಿಸಿ, ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕಿದಳು. ಭಾಷೆ ಬಾರದ ಇಬ್ಬರು ಮುದುಕಿಯರು. ಒಬ್ಬಳು ನಿದ್ದೆಹೋದಳು, ಇನ್ನೊಬ್ಬಳು ಎದ್ದುಹೋಗಲಿಲ್ಲ. ಸಂಜೆ ಬಂದರಿನ ಗೇಟಿನಲ್ಲಿ ಗ್ರೇಹಮ್ ಝುಬೈರನ ಎರಡೂ ಕೈ ಹಿಡಿದುಕೊಂಡು, "ನಮ್ಮ ಊರಿಗೆ ಬನ್ನಿ. ನಮ್ಮ ಮನೆ ನಿಮ್ಮದೇ ಮನೆ" ಎಂದ. ಆಮೇಲೆ ಕಾರಿನ ಬಾಗಿಲನ್ನು, ಒಳಗೆ ಮಗು ಮಲಗಿದೆಯೋ ಎನ್ನುವ ಹಾಗೆ, ಮೆಲ್ಲ ಹಾಕಿದ.

ಅಂದಿನಿಂದ ಪ್ರತಿ ಶುಕ್ರವಾರ ಝುಬೈರ, ಗ್ರೇಹಮ್ ಕೊಟ್ಟುಹೋದ ನಂಬರಿಗೆ ಹೂವಿನ ಚಿತ್ರದ ಜುಮಾ ಶುಭಾಶಯ ಕಳಿಸುತ್ತಿದ್ದ. ಆ ಕಡೆಯಿಂದ ಎತ್ತಿದ ಹೆಬ್ಬೆರಳಿನ ಚಿತ್ರ ಬರುತ್ತಿತ್ತು. ಒಂದೆರಡು ಸಲ ಬೆಟ್ಟದ ಫೋಟೋ ಬಂತು. ನೀಲಿ ಕೆರೆ, ಅದರಾಚೆ ಹಿಮ. ಝುಬೈರ ಅದನ್ನು ಮುಖೇಶನಿಗೆ ತೋರಿಸಿ, "ಇದು ನಮ್ಮವರ ಮನೆಯ ಹಿಂದೆ" ಎನ್ನುತ್ತಿದ್ದ.

ನಮ್ಮ ಮನೆ ನಿಮ್ಮದೇ ಮನೆ ಎಂದೆಲ್ಲ ಜನ ಇಂಗ್ಲಿಷಿನಲ್ಲಿ ಹೇಳುತ್ತಾರೆ ಎಂದು ಮರ್ವಾಳಿಗೆ ಗೊತ್ತಿತ್ತು. ಬೀಳ್ಕೊಡುವಾಗ ಆಡುವ ಮಾತು, ಕೈ ಬೀಸಿದಷ್ಟೇ ಸಹಜವಾದದ್ದು. ಆದರೆ ಕಾವೂರಿನ ತಮ್ಮ ಮನೆಯಲ್ಲಿ ಒಮ್ಮೆ ಮಂಚದ ಮೇಲೆ ಮಲಗಿ ಎದ್ದವರು ಹೊರಗಿನವರಾಗಿ ಉಳಿಯುತ್ತಿರಲಿಲ್ಲ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಲು ಅವಳು ಒಂದೆರಡು ಬಾರಿ ಬಾಯಿ ತೆರೆದಳು. ಹೇಳಿದರೆ ಇರುವ ಒಂದು ಮನೆಯೂ ಇಲ್ಲವಾಗುತ್ತಿತ್ತು. ಆ ದಂಪತಿಯ ಊರಿನ ಹತ್ತಿರದ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಿದಳು. ಸೀಟು ಸಿಕ್ಕಿತು. ಜುಲೈ ಮುಗಿಯುವುದರೊಳಗೆ ಬರುತ್ತೇನೋ ಇಲ್ಲವೋ ತಿಳಿಸಬೇಕಿತ್ತು.

"ಮನೆಯವರ ಮುಖ ಒಮ್ಮೆ ನೋಡುವ. ವಿಡಿಯೋ ಕಾಲ್ ಮಾಡು" ಎಂದ ಅನ್ಸಾರ್.

ಆ ದಿನ ಬೆಳಿಗ್ಗೆ ಹೊರಗೆ ಜಡಿಮಳೆ. ಹೆಣ್ಣು ನೋಡಲು ಬರುವವರಿಗೆ ಮಾಡುವ ಹಾಗೆ ರಿಝ್ವಾನಾ ಹೊಸ ಪರದೆ ಕಟ್ಟಿದಳು. ಅಲೀಮಮ್ಮ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು, ಗೇರುಬೀಜವನ್ನು ತಟ್ಟೆಯಲ್ಲಿಟ್ಟು ಫೋನಿನ ಮುಂದೆ ಸರಿಸಿದಳು.

"ಅವರಿಗೆ ಅಲ್ಲಿಂದ ತಿನ್ನಲಿಕ್ಕೆ ಆಗುವುದಿಲ್ಲ ಉಮ್ಮ" ಎಂದ ಝುಬೈರ.

"ತಿನ್ನದಿದ್ದರೆ ಬೇಡ. ಇಡದಿದ್ದರೆ ಎಂತ ಅಂತಾರೆ?"

ಅನ್ಸಾರ್ ದಮ್ಮಾಮಿನಿಂದ ಸೇರಿಕೊಂಡ, ಡ್ಯೂಟಿಯ ಅಂಗಿಯಲ್ಲಿ. ಆ ಕಡೆ ಫೋನು ರಿಂಗಾಯಿತು. ಗ್ರೇಹಮ್‌ನ ಮುಖ ಬಂತು, ಕನ್ನಡಕ ಹಣೆಯ ಮೇಲೆ. ಸ್ವಲ್ಪ ಹೊತ್ತು ನೋಡಿ ಮುಗುಳ್ನಕ್ಕ.

"ಓಹ್, ಕೊಚ್ಚಿಯ ನಮ್ಮ ಡ್ರೈವರ್."

ಝುಬೈರ ನಗುತ್ತಲೇ ಇದ್ದ. "ಮಂಗಳೂರು, ಸಾರ್" ಎಂದ.

"ಹೌದು, ಹೌದು. ಜೀನ್, ಬಾ ಇಲ್ಲಿ."

ಜೀನ್ ಬಂದಳು. ಅಲೀಮಮ್ಮನನ್ನು ಕಂಡದ್ದೇ ಅವಳ ಕೈ ಬಾಯಿಯ ಮೇಲೆ ಹೋಯಿತು. "ಗಾಳಿ ಹಾಕಿದ ಅಮ್ಮ" ಎಂದಳು. ಅವಳ ಕಣ್ಣು ಒದ್ದೆಯಾಯಿತು. ಅಲೀಮಮ್ಮ ಬೀಸಣಿಗೆ ಎತ್ತಿ ತೋರಿಸಿದಳು. ಇಬ್ಬರೂ ನಕ್ಕರು. ಮರ್ವಾಳಿಗೆ ಆ ಗಳಿಗೆಯಲ್ಲಿ, ತಾನು ತಿಳಿದದ್ದೇ ತಪ್ಪಿರಬಹುದು ಎನಿಸಿತು. ಗ್ರೇಹಮ್ ಫೋನನ್ನು ಕಿಟಕಿಯ ಕಡೆ ತಿರುಗಿಸಿದ. ಅಲ್ಲಿ ಸಂಜೆ. ಬೆಟ್ಟ ಇತ್ತು, ಫೋಟೋದಲ್ಲಿ ಇದ್ದ ಹಾಗೆಯೇ. ಹಿಮದ ಮೇಲೆ ಕೊನೆಯ ಬೆಳಕು, ಮಾಗಿದ ಪೇರಳೆ ಹಣ್ಣಿನ ಒಳಗಿನ ನಸುಗೆಂಪು. ಮಳೆಗೆ ಕತ್ತಲಾದ ಕಾವೂರಿನ ಕೋಣೆಯಲ್ಲಿ ಎಲ್ಲರೂ ಫೋನಿನ ಕಡೆ ಬಾಗಿದರು.

ಅನ್ಸಾರ್ ತನ್ನ ಕೆಲಸದ ಇಂಗ್ಲಿಷಿನಲ್ಲಿ ಕೇಳಿದ. "ಸಾರ್, ನನ್ನ ತಮ್ಮನ ಮಗಳು ಅಲ್ಲಿ ಓದಲು ಬರುತ್ತಾಳೆ. ನಿಮ್ಮ ಮನೆಯಲ್ಲಿ ಇರಬಹುದಾ?"

ಬೆಟ್ಟ ಪರದೆಯಿಂದ ಸರಿದು ಗ್ರೇಹಮ್‌ನ ಮುಖ ಮತ್ತೆ ಬಂತು. ಅವನು ಹೆಂಡತಿಯನ್ನು ನೋಡಿದ. ಹೆಂಡತಿ ಮಡಿಲನ್ನು ನೋಡಿಕೊಂಡಳು. ತುಂಬ ಸಂತೋಷ, ಬಹಳ ಒಳ್ಳೆಯ ಊರು, ಹುಡುಗಿಗೆ ಇಷ್ಟವಾಗುತ್ತದೆ ಎಂದ ಗ್ರೇಹಮ್. ವಿಶ್ವವಿದ್ಯಾಲಯದ ಹಾಸ್ಟೆಲು ಚೆನ್ನಾಗಿದೆಯಂತೆ. "ಈ ಕಡೆ ಬಂದಾಗ ಖಂಡಿತ ಮನೆಗೆ ಬರಬೇಕು. ಟೀ ಕುಡಿಯುವ" ಎಂದ. ಕೈ ಬೀಸಿದರು. ಪರದೆಯಲ್ಲಿ ಉಳಿದದ್ದು ಅನ್ಸಾರ್ ಒಬ್ಬನೇ.

"ಎಂತ ಹೇಳಿದರು?" ಅಲೀಮಮ್ಮ ಕೇಳಿದಳು.

"ಬರಲಿ ಅಂತ ಹೇಳಿದರು" ಎಂದ ಝುಬೈರ, ಯಾರನ್ನೂ ನೋಡದೆ.

ಅಲೀಮಮ್ಮ ಮೊಮ್ಮಗಳ ಕಡೆ ತಿರುಗಿದಳು. "ಹೌದಾ?"

ಅನ್ಸಾರ್ ಎಲ್ಲ ಕೇಳಿಸಿಕೊಂಡಿದ್ದ. ಆದರೂ ತಮ್ಮನ ಮಾತನ್ನು ತಿದ್ದಲಿಲ್ಲ. ಮರ್ವಾ ಹೌದು ಎಂದರೆ ಹೌದು ಆಗುತ್ತಿತ್ತು. ಅವಳು ಅಪ್ಪನನ್ನು ನೋಡಿದಳು. ಕೊಚ್ಚಿ ಎಂದಾಗಲೂ ಅಳಿಯದ ನಗು ಅವನ ಮುಖದಲ್ಲಿ ಇನ್ನೂ ಹಾಗೆಯೇ ನಿಂತಿತ್ತು. ತಾನು ಹೌದು ಎಂದರೆ ಅಜ್ಜಿ ಮಾತ್ರವಲ್ಲ, ಇವನೂ ನಂಬುತ್ತಾನೆ. ಪ್ರತಿ ಶುಕ್ರವಾರ ನಂಬುತ್ತಾನೆ. ಮಗಳು ಅಲ್ಲಿ ಜ್ವರದಲ್ಲಿ ಮಲಗಿದ ದಿನವೂ ಆ ನಂಬರಿಗೆ ಫೋನು ಮಾಡುತ್ತಾನೆ.

"ಟೀಗೆ ಬರಬಹುದಂತೆ" ಎಂದಳು.

"ಟೀ ಆದ ಮೇಲೆ?"

"ಆದ ಮೇಲೆ ಹೊರಡುವುದು."

ಅಲೀಮಮ್ಮ ಬೀಸಣಿಗೆಯನ್ನು ಮಡಿಲಲ್ಲಿ ತಿರುಗಿಸಿದಳು. "ಪಾಪ, ಒಳ್ಳೆಯ ಜನ" ಎಂದಳು. ಅನ್ಸಾರ್, "ಡ್ಯೂಟಿಗೆ ಹೊತ್ತಾಯಿತು, ಆಮೇಲೆ ಮಾತಾಡುವ" ಎಂದ. ಆಮೇಲೆ ಅವನು ಫೋನು ಮಾಡಿದಾಗ ಬೇರೆ ಎಲ್ಲ ವಿಷಯ ಬಂತು, ಮರ್ವಾಳ ಓದಿನದ್ದು ಬರಲಿಲ್ಲ. ಜುಲೈ ಮುಗಿಯಿತು.

ಮರ್ವಾ ಈಗ ಕೊಟ್ಟಾರದ ಒಂದು ಕ್ಲಿನಿಕ್ಕಿನಲ್ಲಿ ವಯಸ್ಸಾದವರ ಮೊಣಕಾಲು ಮಡಿಸಿ ಬಿಡಿಸುತ್ತಾಳೆ. ದಮ್ಮಾಮಿನ ಹುಡುಗನೊಬ್ಬನ ಸಂಬಂಧ ಬಂದಿದೆ. ಅಲ್ಲಿ ಗುರ್ತದ ಮನೆಗಳು ಬೇಕಾದಷ್ಟಿವೆ. ಬೆಳಿಗ್ಗೆ ಝುಬೈರನೇ ಅವಳನ್ನು ಕ್ಲಿನಿಕ್ಕಿಗೆ ಬಿಡುತ್ತಾನೆ. ಅವಳು ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ, ಮುಂದೆ ಕೂರುತ್ತಾಳೆ. ಅಲ್ಲಿ ಕೂತರೆ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಬೇಕಾಗಿಲ್ಲ.

ಮಳೆ ನಿಂತು ಮತ್ತೆ ಹಡಗು ಬಂತು. ಗೇಟಿನ ಹತ್ತಿರ ಮುಖೇಶ್, "ಎಂತ ಝುಬೈರಾಕ, ನ್ಯೂಜಿಲ್ಯಾಂಡಿನವರು ಹೇಗಿದ್ದಾರೆ?" ಎಂದು ಕೇಳಿದ. ಕೇಳಿದ ಮೇಲೆ ಅವನ ಮುಖ ನೋಡಿ, ಬೀಡಿ ಹಚ್ಚುವ ನೆಪದಲ್ಲಿ ಆಚೆ ಹೋದ.

ಅಂದು ಕಾರು ಹತ್ತಿದ್ದು ಒಬ್ಬಳೇ ವಯಸ್ಸಾದ ಹೆಂಗಸು. ಯಾವ ದೇಶ ಎಂದು ಝುಬೈರ ಕೇಳಲಿಲ್ಲ. ಕಾರ್ಖಾನೆ, ಮಾರ್ಕೆಟ್ಟು, ದೇವಸ್ಥಾನ, ಚರ್ಚು ಎಲ್ಲ ಆಯಿತು. ಸಂಜೆ ಇಳಿಯುವಾಗ ಅವಳು, ನಿಮ್ಮ ಜನ ಎಷ್ಟು ಒಳ್ಳೆಯವರು, ನಮ್ಮ ಊರಿಗೂ ಒಮ್ಮೆ ಬರಬೇಕು ಎಂದಳು.

"ಶೂರ್, ಮೇಡಂ" ಎಂದ ಝುಬೈರ. ಅದನ್ನು ಹೇಗೆ ಹೇಳಬೇಕೆಂದು ಅವನು ಕಲಿತಿದ್ದ.

ಅವಳು ಬಾಗಿಲನ್ನು ತುಂಬ ಮೆಲ್ಲ ಹಾಕಿ ಹೋದಳು. ಅದು ಸರಿಯಾಗಿ ಕೂತಿರಲಿಲ್ಲ. ಝುಬೈರ ಇಳಿದು ಸುತ್ತಿ ಬಂದ. ಬಾಗಿಲು ತೆರೆದು, ಗಟ್ಟಿಯಾಗಿ ಹಾಕಿದ.