ಬೆನ್ನು ತೆರೆದ ಹೆಡ್‌ಫೋನು

ಟಿಕೋಟಾದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಸಿದ್ದಲಿಂಗೇಶನಿಗೆ ಸಂಗೀತಕ್ಕಿಂತ ಸಂಗೀತ ಕೇಳುವ ಸಾಮಾನುಗಳ ಬಗ್ಗೆಯೇ ಹೆಚ್ಚು ಗೊತ್ತು. ಯಮನ್ ಯಾವುದು, ಭೂಪ ಯಾವುದು ಎಂದರೆ ತಡವರಿಸುತ್ತಾನೆ. ಆದರೆ ತಬಲಾದ ಎಡಗೈ ದನಿ ಯಾವ ಹೆಡ್‌ಫೋನಿನಲ್ಲಿ ಎಷ್ಟು ದುಂಡಗೆ ಕೇಳುತ್ತದೆ ಎಂಬುದನ್ನು ಬಸ್ಸು ವಿಜಯಪುರ ಮುಟ್ಟುವ ತನಕ ಹೇಳಬಲ್ಲ. ಪಕ್ಕದಲ್ಲಿ ಕೂತವರು ಒಮ್ಮೊಮ್ಮೆ ಸೀಟು ಬಿಟ್ಟುಕೊಟ್ಟು ಎದ್ದು ನಿಲ್ಲುವುದುಂಟು.

ಅಥಣಿ ರಸ್ತೆಯ ಮನೆಯಲ್ಲಿ ಹನ್ನೊಂದು ವರ್ಷ ಅವನ ಸಂಜೆಗಳು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿನೊಳಗೇ ಕಳೆದಿದ್ದವು. ಗ್ಯಾಸ್ ಸಿಲಿಂಡರ್ ಬಂದರೂ, ತಾಯಿ ಗುರುಸಿದ್ದವ್ವ ಕರೆದರೂ, ಹೆಂಡತಿ ಶೈಲಶ್ರೀ ಬೈದರೂ ಕೇಳುತ್ತಿರಲಿಲ್ಲ.

ಈ ಬೇಸಿಗೆಗೆ ಕಿವಿ ಬೆವತು ಕೆರೆತ ಹತ್ತಿತು. ಸ್ಟೇಷನ್ ರಸ್ತೆಯ ಫಕ್ರುದ್ದೀನನ ಅಂಗಡಿಗೆ ಹೋಗಿ, ಹಿಂಬದಿ ಜಾಳಿಗೆಯಂತಿದ್ದ ಅಗ್ಗದ ಹೆಡ್‌ಫೋನೊಂದನ್ನು ಹಾಕಿ ನೋಡಿದ. ಸಿತಾರು ತಲೆಯೊಳಗಲ್ಲ, ಎದುರಿನ ಅಂಗಳದಲ್ಲಿ ಬಾರಿಸಿದಂತೆ ಕೇಳಿತು. ಅವನ ಕಣ್ಣಲ್ಲಿ ನೀರು ಬಂತು. ಫಕ್ರುದ್ದೀನ ಪ್ರಾಮಾಣಿಕ ಮನುಷ್ಯ.

“ಇದರ ಬೆನ್ನ ತೆರದೈತ್ರಿ. ಒಳಗಿಂದು ಹೊರಗ ಕೇಳ್ತೈತಿ, ಹೊರಗಿಂದು ಒಳಗ,” ಎಂದ.

ಅದೆಲ್ಲ ತನಗೆ ಗೊತ್ತೆಂದು ಸಿದ್ದಲಿಂಗೇಶ ಅವನಿಗೇ ಕಾಲು ಗಂಟೆ ಪಾಠ ಹೇಳಿ, ಕೊಂಡು ತಂದ.

ಮೊದಲ ಸಂಜೆ, ಒಂದು ರಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ, ಅಡುಗೆಮನೆಯ ಮಾತು ನಿಚ್ಚಳವಾಗಿ ಕಿವಿಗೆ ಬಿತ್ತು. ಅವನಿಗೆ ಕೇಳುವುದಿಲ್ಲವೆಂಬ ಭರವಸೆಯಲ್ಲಿ ಅತ್ತೆ ಸೊಸೆ ಇಷ್ಟು ವರ್ಷ ಅವನೆದುರೇ ಅವನ ವಿಚಾರ ಮಾತಾಡುತ್ತ ಬಂದಿದ್ದರು. ಹೆಂಡತಿಯ ತವರಾದ ಬಬಲೇಶ್ವರದಲ್ಲಿ ತನ್ನನ್ನು ‘ಹೂಂ ಮಾವ’ ಎನ್ನುತ್ತಾರೆಂದು ಅವನಿಗೆ ಅಂದೇ ತಿಳಿಯಿತು. ಅಲ್ಲಿ ಎಮ್ಮೆ ಈದ ಸುದ್ದಿಗೂ, ಅಜ್ಜಿ ತೀರಿದ ಸುದ್ದಿಗೂ ಅವನು ಒಂದೇ ತೂಕದ ಹೂಂ ಅಂದಿದ್ದನಂತೆ. ಸಣ್ಣವನಿದ್ದಾಗ ಅವನು ಹಾಡಲು ನಿಂತರೆ ಓಣಿಯ ನಾಯಿ ಎದ್ದು ಹೋಗುತ್ತಿತ್ತೆಂದು ತಾಯಿ ನೆನೆದಳು.

ಸಿಟ್ಟು ಬಂತು. ಆದರೆ ಇದು ಕೇಳಿಸಿತೆಂದು ಒಪ್ಪಿದರೆ ನಾಳೆ ಸಿಲಿಂಡರೂ ಕೇಳಿಸಬೇಕಾಗುತ್ತದೆ. ಮೇಲಾಗಿ, ಇನ್ನೇನು ಹೇಳುತ್ತಾರೋ ಎಂಬ ಆಸೆ ಬೇರೆ. ಮರುದಿನದಿಂದ ಹಾಡೇ ಹಚ್ಚದೆ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೂತ. ಅಷ್ಟು ಏಕಾಗ್ರತೆಯಿಂದ ಅವನು ಯಾವ ಸಂಗೀತವನ್ನೂ ಕೇಳಿರಲಿಲ್ಲ.

ಐದನೆಯ ಸಂಜೆ ಶೈಲಶ್ರೀ ಚಹಾ ಇಡಲು ಬಂದವಳು ಅಲ್ಲೇ ನಿಂತಳು. ಮೊದಲ ದಿನ ಪಡಸಾಲೆ ತುಂಬ ಸೋರಿದ್ದ ಸಿತಾರು ಈಗ ಒಂದು ಹನಿಯೂ ಸೋರುತ್ತಿರಲಿಲ್ಲ. ಗಂಡನ ತಲೆ ಮಾತ್ರ ತೂಗುತ್ತಿತ್ತು. ಒಳಗೆ ಹೋಗಿ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ಎಂದಿನ ದನಿಯಲ್ಲಿ ಮಾತು ತೆಗೆದಳು.

“ಅತ್ತಿ, ನಮ್ಮ ಮನ್ಯಾವ್ರ ಗುಣಾ ಭಾಳ ಚಲೋ ಐತ್ರಿ. ಯಾರೂ ಹೇಳದನ ನಾಳಿಗೆ ಬಚ್ಚಲದ ನಳ ರಿಪೇರಿ ಮಾಡಸ್ತಾರ ನೋಡ್ರಿ.”

“ಮಾಡಸ್ತಾನ ಬಿಡವಾ,” ಎಂದಳು ಗುರುಸಿದ್ದವ್ವ. “ನನ್ನ ಕಣ್ಣ ತೋರಸಾಕೂ ತಾನ ಕರ್ಕೊಂಡ ಹೋಗ್ತಾನ.”

ಮರುದಿನವೇ ನಳ ರಿಪೇರಿಯಾಯಿತು. ವಾರದೊಳಗೆ ತಾಯಿಗೆ ಕನ್ನಡಕ ಬಂತು. ಬಾಯಿಬಿಟ್ಟು ಹೇಳುವ ಮೊದಲೇ ಮನೆಯವರ ಮನಸ್ಸು ಅರಿಯುವ ತನ್ನ ಗುಣಕ್ಕೆ ಸಿದ್ದಲಿಂಗೇಶ ತಾನೇ ಬೆರಗಾಗಿದ್ದಾನೆ. ಸದ್ಯ ಅಡುಗೆಮನೆಯಲ್ಲಿ ಮನೆಗೆ ಬಣ್ಣ ಹಚ್ಚಿಸುವ ಮಾತು ನಡೆದಿದೆ. ಯಾವ ಬಣ್ಣವೆಂದು ಅವರಿನ್ನೂ ತೀರ್ಮಾನಿಸಿಲ್ಲವಾದ್ದರಿಂದ ಅವನು ಕಾಯುತ್ತ ಕೂತಿದ್ದಾನೆ.